ಹಲ್ಲಿ ಬಿದ್ದ ಸುಣ್ಣ

ಬೂದಿ ಕಂಡರೆ ನನಗೆ ಈಗಲೂ ಹೇಸಿಗೆ. ಊದಿನಕಡ್ಡಿಯಿಂದ ಉದುರಿದ ಬೂದಿಯನ್ನು ಸಹ ಬೆರಳಲ್ಲಿ ಮುಟ್ಟುವವಳಲ್ಲ ನಾನು. ಕಾಗದದ ಚೂರಿನಲ್ಲಿ ಎತ್ತಿ ಹೊರಗೆ ಎಸೆಯುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಇಚಲಕರಂಜಿಯಲ್ಲಿ ಸೊಸೆಯಾಗಿ ಕಳೆದ ವರ್ಷಗಳಲ್ಲಿ ಅನ್ನದ ಜೊತೆ ಎಷ್ಟು ಬೂದಿ ತಿಂದಿದ್ದೇನೆ ಅನ್ನುವುದು ಅವಕ್ಕೇನು ಗೊತ್ತು?

ನನ್ನ ತವರು ಕೊಲ್ಲಾಪುರದ ಕಡೆಯ ಗಡಹಿಂಗ್ಲಜ. ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಮನೆಯ ಮುಂದೆಯೇ ಚೀಲ ಬಿಚ್ಚುತ್ತಿದ್ದರು, ತೊಟ್ಟಿಲ ಕೂಸು ಕೂಡ ಸೀನುತ್ತಿತ್ತು. ಹಾಗಾಗಿ ಘಾಟು, ಕೆಮ್ಮು ಇವೆಲ್ಲ ನನಗೆ ಹೊಸವೇನಲ್ಲ. ಆದರೆ ಮೆಣಸಿನಕಾಯಿಗೆ ಒಂದು ಮರ್ಯಾದೆ ಉಂಟು: ಬರುತ್ತದೆ, ಸೀನಿಸುತ್ತದೆ, ಹೋಗುತ್ತದೆ. ಬೂದಿಗೆ ಅದೂ ಇಲ್ಲ. ಬಂದದ್ದು ಹೋಗುವುದೇ ಇಲ್ಲ.

ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ಇಚಲಕರಂಜಿಗೆ ಕೊಟ್ಟರು. "ಭಾರಿ ಮನೆತನ, ಸೈಜಿಂಗ್ ಐತಿ" ಅಂದರು. ಸೈಜಿಂಗ್ ಅಂದರೆ ನೂಲು ಮಗ್ಗಕ್ಕೆ ಏರುವ ಮುಂಚೆ ಅದಕ್ಕೆ ಗಂಜಿ ಕುಡಿಸಿ ಒಣಗಿಸುವ ಕಾರಖಾನೆ. ಒಣಗಿಸಲು ಉಗಿ ಬೇಕು, ಉಗಿಗೆ ಬಾಯ್ಲರು, ಬಾಯ್ಲರಿಗೆ ಕಲ್ಲಿದ್ದಲು. ಇದ್ದಲು ಉರಿದು ಉಳಿದದ್ದನ್ನು ಎಳೆದು ತಂದು ನಮ್ಮ ಹಿತ್ತಲಲ್ಲಿ ಸುರಿಯುತ್ತಿದ್ದರು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದೆ, ಎದುರಿಗೆ ಬೂದಿಯ ಗುಡ್ಡ. ಅದರ ಮೇಲೊಂದು ಹಂದಿ ಮಲಗಿತ್ತು. ನಾನು ಬಾಗಿಲು ಹಾಕಿಕೊಂಡು ಒಳಗೆ ಬಂದು ಅತ್ತೆಯ ಮುಖ ನೋಡಿದೆ. ಅವರು, "ರೂಢಿ ಆಗತೈತಿ ತಗೋ" ಅಂದರು.

ರೂಢಿ ಆಗಲಿಲ್ಲ. ಒಣಗಿದ ಸೀರೆ ಕೊಡವಿದರೆ ಬೂದಿ. ಹಾಲಿನ ಕೆನೆಯ ಮೇಲೆ ಬೂದಿ. ಕೂಸಿಗೆ ಎರೆಯಲು ಕೂತರೆ ಅದರ ಹೊಕ್ಕುಳಲ್ಲಿ ಬೂದಿ. ಗಾಳಿಯ ದಿನ ಹಲ್ಲು ಕಚ್ಚಿದರೆ ಕರ್ ಅನ್ನುತ್ತಿತ್ತು. ನೆರೆಯವರು ಬಂದು ಜಗಳ ಆಡಿ ಹೋಗುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಬೈಯಲಿ, ಇನ್ನೂ ಬೈಯಲಿ, ಹೀಗಾದರೂ ಈ ಗುಡ್ಡ ಇಲ್ಲಿಂದ ಏಳಲಿ ಅಂತ.

ನಮ್ಮ ಮಾವನವರು ಭಾರಿ ಧರ್ಮಿಷ್ಠರು. ಜೈನರ ಮನೆಯಲ್ಲಿ ಹುಟ್ಟಿ ಬೆಳೆದ ನನಗೂ ಅಷ್ಟು ಧರ್ಮ ಹೊಸದು. ಹೊತ್ತು ಮುಳುಗುವ ಮುಂಚೆ ಊಟ, ನೀರು ಸೋಸಿ ಕುಡಿಯುವುದು, ನೆಲದಡಿ ಬೆಳೆದದ್ದನ್ನು ತಿನ್ನದಿರುವುದು, ಇವು ನಮ್ಮಲ್ಲೂ ಇದ್ದವು. ಮಾವನವರು ಅಷ್ಟಕ್ಕೆ ನಿಲ್ಲುವವರಲ್ಲ. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುತ್ತಿದ್ದರು, ಹಿಂದೆ ಬರುತ್ತಿದ್ದ ನಾವೂ ಬಿಸಿಲಲ್ಲಿ ಸುತ್ತು ಹಾಕಬೇಕು. ಇಟ್ಟಂಗಿ ಭಟ್ಟಿ ಅಂದರಂತೂ ಕಿವಿ ಮುಚ್ಚಿಕೊಳ್ಳುವರು. ಮಣ್ಣು ಅಗೆದರೆ ಹುಳ ಸಾಯುತ್ತವೆ, ಭಟ್ಟಿ ಹೊತ್ತಿಸಿದರೆ ಸಾವಿರ ಜೀವ ಸುಡುತ್ತವೆ, ಶ್ರಾವಕನಿಗೆ, ಅಂದರೆ ಸಂಸಾರಿ ಜೈನನಿಗೆ, ಆ ಧಂದೆ ಸಲ್ಲದು. ಹಾಗಾದರೆ ಬಾಯ್ಲರಿನಲ್ಲಿ ಹಗಲೂರಾತ್ರಿ ಉರಿಯುವುದು ಏನು? ಹೊಸ ಸೊಸೆಯಾಗಿ ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟೆ. "ಅದು ಹಿರ್ಯಾರು ಹಾಕಿದ್ದು" ಅಂದರು. ಹಿರಿಯರು ಹಾಕಿದ ಬೆಂಕಿ ಯಾರನ್ನೂ ಸುಡುವುದಿಲ್ಲ ಅಂತ ನನಗೆ ಅಂದು ತಿಳಿಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ. ನಮ್ಮ ಮನೆಯಲ್ಲಿ ಬದನೆಕಾಯಿ ತಿನ್ನುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹೀಗಿರುವಾಗ ನನ್ನ ಗಂಡ ಕೊಲ್ಲಾಪುರಕ್ಕೆ ಯಾವುದೋ ಪ್ರದರ್ಶನ ನೋಡಲು ಹೋಗಿ ಕೈಯಲ್ಲಿ ಒಂದು ಬೂದುಬಣ್ಣದ ಇಟ್ಟಂಗಿ ಹಿಡಿದುಕೊಂಡು ಬಂದರು. ಹೆಂಡತಿಗೆ ಹೂವಿಲ್ಲ, ಮಗುವಿಗೆ ಮಿಠಾಯಿ ಇಲ್ಲ, ಇಟ್ಟಂಗಿ! ಕಲ್ಲಿದ್ದಲಿನ ಬೂದಿ ಸೋಸಿ, ಸುಣ್ಣ ಕಲೆಸಿ, ಅಚ್ಚಿನಲ್ಲಿ ಬಡಿದು, ಒದ್ದೆಚೀಲ ಹೊದಿಸಿ ಕೆಲವು ವಾರ ಇಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದಂತೆ. ಭಟ್ಟಿ ಬೇಡ, ಸುಡುವುದು ಬೇಡ, ಮಣ್ಣೂ ಬೇಡ. ಮಾವನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ಅಹಿಂಸಾ ಇಟ್ಟಂಗಿ ಇದು" ಅಂದರು. "ಹೆಂಗೂ ಬಿಸಾಡೋ ಬೂದಿ. ಅದರಾಗ ಪುಣ್ಯಾ ಬಂದ್ರ ಬ್ಯಾಡೇನು?"

ಅಲ್ಲೇ ಒಂದು ಸಂಕಲ್ಪವೂ ಆಗಿಹೋಯಿತು. ನಮ್ಮ ಹೊಲ ಇದ್ದ ಹಳ್ಳಿಯಲ್ಲಿ ಮುನಿಗಳು ಇಳಿದುಕೊಳ್ಳುವ ಹಳೆಯ ಕಲ್ಲಿನ ವಸತಿ ಇತ್ತು. ಅದರ ಪಡುವಣ ಗೋಡೆ ಬಿದ್ದು ಹೋಗಿತ್ತು. ಮುಂದಿನ ಮಳೆಗಾಲದ ಚಾತುರ್ಮಾಸಕ್ಕೆ ಮುನಿಗಳು ಅಲ್ಲಿ ನಿಲ್ಲುವವರಿದ್ದರು. ಅವರು ಬರುವುದರೊಳಗೆ ಆ ಗೋಡೆಯನ್ನು ಒಂದು ಜೀವಕ್ಕೂ ನೋವಾಗದ ಇಟ್ಟಂಗಿಯಿಂದ ಎಬ್ಬಿಸಿ ಕೊಡುತ್ತೇನೆಂದು ಮಾವನವರು ಬಸದಿಯ ಪಂಚರಿಗೆ ಮಾತು ಕೊಟ್ಟರು. ನನಗೋ ಗುಡ್ಡ ಕರಗುತ್ತದಲ್ಲ ಅನ್ನುವ ಸಂತೋಷ. ಬೂದಿ ಗೋಡೆಯಾದರೂ ಆಗಲಿ, ಹಾಳಾಗಿಯಾದರೂ ಹೋಗಲಿ.

ಬೂದಿಯನ್ನು ಸೋಸುವವರು ಯಾರು? ಅಹಿಂಸೆ ಮಾವನವರದು, ಕೈ ಕುರಿಯಕ್ಕನದು.

ಅವಳ ಹೆಸರು ಬೇಡ, ನಾವೆಲ್ಲ ಕುರಿಯಕ್ಕ ಅಂತಲೇ ಕರೆಯುತ್ತಿದ್ದೆವು. ಉತ್ತೂರಿನ ಕಡೆಯ ಕುರುಬರ ಹೆಣ್ಣು. ಹುಟ್ಟಿದಾಗಿನಿಂದ ಕುರಿಹಿಂಡಿನ ಜೊತೆ ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ನಡೆದವಳು. ಒಂದು ವರ್ಷ ರೋಗ ಬಂದು ಕುರಿಗಳು ಸತ್ತವು. ಗಂಡ ಹೆಂಡತಿ ಮಗ್ಗದ ಕೆಲಸ ಹುಡುಕಿಕೊಂಡು ಬಂದು ನಮ್ಮ ಊರ ಪಕ್ಕದ ಕೊರೋಚಿಯಲ್ಲಿ ತಗಡು ತಟ್ಟು ಹೊದಿಸಿದ ಗುಡಿಸಲಲ್ಲಿ ಇದ್ದರು. ಗಂಡನಿಗೆ ನಮ್ಮ ಮಾವನವರ ತಮ್ಮನ ಕಾರಖಾನೆಯಲ್ಲಿ ಮಗ್ಗ ಸಿಕ್ಕಿತ್ತು. ಇವಳು ನಮ್ಮ ಹಿತ್ತಲಿಗೆ ಬಂದಳು.

ಮೂಗಿಗೆ ಸೆರಗು ಕಟ್ಟಿಕೊಂಡು ಇಡೀ ದಿನ ಬೂದಿ ಸೋಸುತ್ತಿದ್ದಳು. ಸಂಜೆ ಸೆರಗು ಬಿಚ್ಚಿದರೆ ಕಣ್ಣಿನ ಕೆಳಗೆ ಒಂದು ಬಣ್ಣ, ಮೇಲೆ ಒಂದು ಬಣ್ಣ. ನಾನು ಚಹಾ ಕೊಟ್ಟರೆ ಮೊದಲ ಗುಟುಕು ಮುಕ್ಕಳಿಸಿ ಉಗುಳುವಳು, ಆಮೇಲೆ ಕುಡಿಯುವಳು.

ಒಂದು ದಿನ ಕೇಳಿದೆ, "ಇಷ್ಟ್ಯಾಕ ದುಡೀತಿ ಯಕ್ಕಾ? ಉಸರಾದ್ರೂ ತಗೋ."

"ಗ್ವಾಡಿ ಸಲುವಾಗಿ ರೀ ವೈನ್ಯಾರ."

"ಯಾವ ಗ್ವಾಡಿ?"

"ನನ್ನ ಗ್ವಾಡಿ. ಹುಟ್ಟಿದಾಗಿಂದ ಬಯಲಾಗ ಮಲಗೇನ್ರಿ. ಬಾಣಂತನಾನೂ ಗಿಡದ ಬುಡಕ ಆತು. ತಗಡಿಗೆ ಬೆನ್ನು ಕೊಟ್ರ ಬಿಸಲಾಗ ಸುಡತೈತಿ, ಮಳ್ಯಾಗ ಬಡೀತೈತಿ. ಬೆನ್ನು ಆನಿಸಾಕ ಒಂದು ಗ್ವಾಡಿ ಬೇಕ್ರಿ ನನಗ. ಒಂದ ಖೋಲಿ ಸಾಕು. ಇಟ್ಟಂಗಿ ಚಲೋ ಬಂದ್ರ ಒಡಕು ಮುರುಕು ನಿನಗ ಕೊಡ್ತೇನಿ ಅಂದಾರ ಅಣ್ಣಾರು."

ಅಣ್ಣಾರು ಅಂದರೆ ನಮ್ಮ ಮಾವನವರು, ವೈನ್ಯಾರು ಅಂದರೆ ಅತ್ತಿಗೆ, ನಾನು. ಒಡಕು ಮುರುಕು ಕೊಡುತ್ತೇನೆ ಅಂದದ್ದಕ್ಕೇ ಅವಳ ಮುಖ ಅಷ್ಟು ಅರಳಿತ್ತು. ಮಳೆ ಹಿಡಿಯುವುದರೊಳಗೆ ಒಂದು ಖೋಲಿ, ಒಂದೇ ಒಂದು ಕೋಣೆ, ಎಬ್ಬಿಸಬೇಕು ಅನ್ನುವುದೊಂದೇ ಅವಳ ತಲೆಯಲ್ಲಿ. ಮಾವನವರಿಗೂ ಮಳೆ ಹಿಡಿಯುವುದರೊಳಗೆ ಗೋಡೆ ಬೇಕು, ಇವಳಿಗೂ ಬೇಕು.

ಸುಣ್ಣಕ್ಕೆ ಹಿತ್ತಲ ಮೂಲೆಯಲ್ಲಿ ಒಂದು ಕುಣಿ ಇತ್ತು. ಸುಟ್ಟ ಸುಣ್ಣದಕಲ್ಲು ತಂದು ಅದರಲ್ಲಿ ಹಾಕಿ ನೀರು ಬಿಟ್ಟರು. (ಕಲ್ಲು ಸುಟ್ಟವರು ಬೇರೆ ಊರವರು, ಆ ಪಾಪ ಅವರದು.) ಕೊತಕೊತ ಕುದಿಯಿತು. ಸುಣ್ಣ ಹೀಗೆ ನೀರಲ್ಲಿ ಮಲಗಿ ಮಲಗಿ ಕೊಳೆಯಬೇಕು, ಎಲೆಗೆ ಹಚ್ಚುವ ಸುಣ್ಣವನ್ನು ಸಹ ನೆನೆಹಾಕಿಯೇ ಬಳಸುವುದು. ಇದು ಅಜ್ಜಿಯರಿಗೆಲ್ಲ ಗೊತ್ತಿರುವ ಮಾತು. ಎರಡು ದಿನ ಮಲಗಿತ್ತೋ ಇಲ್ಲವೋ, ಬೆಳಿಗ್ಗೆ ಮಾವನವರು ಹೋಗಿ ನೋಡುತ್ತಾರೆ, ಕುಣಿಯಲ್ಲಿ ಒಂದು ಹಲ್ಲಿ. ಸತ್ತು ಬೆಳ್ಳಗೆ ತೇಲುತ್ತಿತ್ತು.

ಅವರು ಕುಣಿಯ ಅಂಚಿನಲ್ಲಿ ಕುಸಿದು ಕೂತರು. ನಿಜವಾಗಿ ಅತ್ತರು. ಸುಳ್ಳು ಹೇಳಬಾರದು, ಆ ಅಳು ನಾಟಕ ಅಲ್ಲ. ಎರಡು ದಿನ ಉಪವಾಸ ಮಾಡಿದರು, ಬಸದಿಗೆ ಹೋಗಿ ಕೂತು ಜಪ ಮಾಡಿದರು. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಆ ಎರಡು ದಿನವೂ ಕುರಿಯಕ್ಕ ಹಿತ್ತಲಲ್ಲಿ ಬೂದಿ ಸೋಸುತ್ತಲೇ ಇದ್ದಳು. ಸುಣ್ಣದ ನೀರು ತಾಗಿ ಅವಳ ಹಿಮ್ಮಡಿ ಒಡೆದು, ಬೆರಳ ಸಂದಿ ಕೆಂಪಗೆ ಹಸಿಯಾಗಿತ್ತು. ನಾನು ಕೊಬ್ಬರಿಎಣ್ಣೆ ಒಯ್ದು ಕೊಟ್ಟೆ. ಒಳಗೆ ಬಂದು ಅತ್ತೆಗೆ, "ಹಲ್ಲಿಗೆ ಉಪವಾಸ ಹಿಡದಾರ, ಈಕಿ ಕಾಲು ನೋಡ್ಯಾರೇನು?" ಅಂದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. "ಆಕಿ ಎಲ್ಲಿ ಸತ್ತಾಳ?" ಅಂದರು. 

ಉಪವಾಸ ಮುಗಿಸಿ ಎದ್ದ ಮಾವನವರು ಹೊಸ ಕಟ್ಟಳೆ ತಂದರು. ಇನ್ನು ಸುಣ್ಣದ ಕುಣಿಯೇ ಬೇಡ. ನಿಂತ ನೀರಲ್ಲಿ ಜೀವ ಬೀಳುತ್ತವೆ, ಜೀವ ಹುಟ್ಟುತ್ತವೆ. ಸೋಸಿದ ನೀರಿನಲ್ಲೂ ಎರಡು ಗಳಿಗೆ ಕಳೆದರೆ ಜೀವ ಹುಟ್ಟುತ್ತದೆ ಅನ್ನುವುದು ನಮ್ಮಲ್ಲಿ ಕುಡಿಯುವ ನೀರಿನ ನೇಮ. ಅದನ್ನು ಅವರು ಸುಣ್ಣಕ್ಕೂ ಹಚ್ಚಿದರು. ನೀರು ಸೋಸಿ, ಆಗಿಂದಾಗ ಸುಣ್ಣದಕಲ್ಲಿನ ಮೇಲೆ ಹೊಯ್ದು, ಕುದಿ ನಿಂತ ಕೂಡಲೇ ಬೂದಿಗೆ ಕಲೆಸಿ ಅಚ್ಚಿಗೆ ಹಾಕಬೇಕು. ನೀರು ನಿಲ್ಲಬಾರದು, ಸುಣ್ಣ ಮಲಗಬಾರದು.

"ಕುಣಿ ಮ್ಯಾಲೆ ಹಲಗಿ ಮುಚ್ಚಿದ್ರ ಸಾಕಲ್ರಿ ಮಾವಾರ" ಅಂದೆ ನಾನು.

"ಹಲಗಿ ಕೆಳಗ ಹುಟ್ಟೋ ಜೀವಕ್ಕ ಏನು ಮಾಡ್ತಿ?"

ಗೋಡೆ ಕಟ್ಟಲು ಗೊತ್ತು ಮಾಡಿದ್ದ ಗೌಂಡಿಯೂ ತಲೆ ಕೆರೆದುಕೊಂಡ. "ಸುಣ್ಣಾ ಕಚ್ಚಾ ಉಳಿತೈತ್ರಿ ಅಣ್ಣಾರ" ಅಂದ. ಮಾವನವರು, "ಅಸೂ ದೇ, ಇರ್ಲಿ ಬಿಡು, ಧರ್ಮ ಕಾಯತೈತಿ" ಅಂದರು. ಧರ್ಮವೇ ಕಾಯುತ್ತದೆ ಅಂದ ಮೇಲೆ ಗೌಂಡಿ ಏನು ಹೇಳಿಯಾನು?

ಹಲ್ಲಿ ಬಿದ್ದ ಕುಣಿಯ ಸುಣ್ಣ ಹಾಗೇ ಬಿತ್ತು. ಮೈಲಿಗೆಯದನ್ನು ಮುಟ್ಟುವ ಹಾಗಿಲ್ಲ, ಚೆಲ್ಲಲೂ ಮನಸ್ಸಿಲ್ಲ. ಕೊನೆಗೆ ಮಾವನವರು ಕುರಿಯಕ್ಕನನ್ನು ಕರೆದು, "ಆ ಕುಣಿ ಸುಣ್ಣಾ ನಮಗ ನಡಿಯೂದಿಲ್ಲ. ನೀ ತಗೋ. ಬೇಕಾದಷ್ಟು ಬೂದಿನೂ ತಗೋ. ನೀನ ಇಟ್ಟಂಗಿ ಬಡ್ಕೋ" ಅಂದರು. ಮೊದಲು ಹೇಳಿದ ಒಡಕು ಮುರುಕಿನ ಮಾತು ಇದರಲ್ಲಿ ತೀರಿತು ಅಂತ ಲೆಕ್ಕ. ನಮ್ಮ ಮನೆಯ ದಾನ ಹೀಗೆ: ನಮಗೆ ನಡೆಯದ್ದು ಬೇರೆಯವರಿಗೆ ನಡೆಯುತ್ತದೆ. ಕುರಿಯಕ್ಕ ಹಿಗ್ಗಿ ಹೀರೆಕಾಯಿ. ಅವಳಿಗೆ ಹಲ್ಲಿಯ ಹಂಗಿಲ್ಲ. ಕೆಲಸದ ನಡುವೆ ಬಿಡುವಾದಾಗ ಬುಟ್ಟಿಯಲ್ಲಿ ತುಂಬಿ ತುಂಬಿ ಒಯ್ಯುತ್ತಿದ್ದಳು. ಅವಳಿಗೆ ಬಿಡುವಾಗುವುದೇ ಅಪರೂಪ, ಹಾಗಾಗಿ ಆ ಸುಣ್ಣ ಕುಣಿಯಲ್ಲಿ ನೀರು ಕುಡಿಯುತ್ತ ವಾರಗಟ್ಟಲೆ ಮಲಗಿತು, ಬೆಣ್ಣೆಯಾಯಿತು.

ಬೇಸಿಗೆಯಲ್ಲಿ ಎರಡು ಕಡೆಯೂ ಗೋಡೆ ಎದ್ದವು. ಹಳ್ಳಿಯಲ್ಲಿ ಮಾವನವರ ಗೋಡೆ, ಕೊರೋಚಿಯಲ್ಲಿ ಕುರಿಯಕ್ಕನ ಖೋಲಿ. ಅವಳು ಒಮ್ಮೆ ಹಟ ಹಿಡಿದು ನನ್ನನ್ನು ಕರೆದುಕೊಂಡು ಹೋದಳು. ಮಣ್ಣಿನ ಗಾರೆಯಲ್ಲಿ ಕಟ್ಟಿದ ನಾಲ್ಕು ಗೋಡೆ, ಎದೆಮಟ್ಟ ಬಂದಿದ್ದವು. ಸೂರು ಇನ್ನೂ ಇಲ್ಲ. ಇಟ್ಟಂಗಿಗಳು ಸೊಟ್ಟಪಟ್ಟ, ಬೂದಿಯ ಅದೇ ಹಾಳು ಬಣ್ಣ. ನನಗೆ ಮುಟ್ಟಲು ಮನಸ್ಸಾಗಲಿಲ್ಲ.

"ಬೆನ್ನು ಆನಿಸಿ ನೋಡ್ರಿ ವೈನ್ಯಾರ, ಎಷ್ಟು ತಂಪೈತಿ."

"ಬ್ಯಾಡ ಬಿಡ ಯಕ್ಕಾ, ಸೀರಿ ಹೊಲಸಾಗತೈತಿ" ಅಂದೆ. ಅವಳು ನಗುತ್ತ ತಾನೇ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಳು. ಮಗ್ಗದ ಖಟಖಟ ಎಲ್ಲ ಕಡೆಯಿಂದ ಕೇಳುತ್ತಿತ್ತು.

ಮೊದಲ ಅಡ್ಡಮಳೆ ಬಿತ್ತು. ಪಡುವಣ ಗಾಳಿಯ ಮಳೆ, ನೇರ ಮಾವನವರ ಗೋಡೆಗೇ ಬಡಿಯಿತು. ಮರುದಿನ ಹಳ್ಳಿಯಿಂದ ಆಳು ಓಡಿ ಬಂದ. "ಅಣ್ಣಾರ, ಗ್ವಾಡಿ ಅರಳಾಕತ್ತೈತ್ರಿ!" ಅಂದ. ನಾವೆಲ್ಲ ಹೋಗಿ ನೋಡಿದೆವು. ಅರಳು ಹುರಿದಂತೆ ಅಲ್ಲಲ್ಲಿ ಟಪ್ ಟಪ್ ಅನ್ನುತ್ತ ಇಟ್ಟಂಗಿಯ ಮೈಯಿಂದ ಚಕ್ಕೆ ಸಿಡಿದು ಬೀಳುತ್ತಿದ್ದವು. ಒಂದೊಂದು ಗುಳಿಯ ಒಳಗೂ ಬಿಳಿಯ ಕಾಳು. ಕಚ್ಚಾ ಉಳಿದ ಸುಣ್ಣ ಈಗ ಮಳೆನೀರು ಕುಡಿದು ಉಬ್ಬುತ್ತಿತ್ತು. ಎರಡು ಗಳಿಗೆಗಿಂತ ಹೆಚ್ಚು ನೀರು ಕೊಡದ್ದಕ್ಕೆ ಅದು ಮಳೆಗಾಲದಲ್ಲಿ ತಾನೇ ಕುಡಿಯಿತು. ಪಂಚರು ಕೊಡೆ ಹಿಡಿದು ನಿಂತಿದ್ದರು. ಮಾವನವರ ಮುಖ ನೋಡಲಾಗುತ್ತಿರಲಿಲ್ಲ.

ಮುನಿಗಳು ಬರಲು ಹೆಚ್ಚು ದಿನ ಉಳಿದಿರಲಿಲ್ಲ. ಹೊಸ ಇಟ್ಟಂಗಿ ಬಡಿದರೆ ಗಟ್ಟಿಯಾಗಲು ವಾರಗಳು ಬೇಕು. ಸುಟ್ಟ ಇಟ್ಟಂಗಿ ತರಲು ಸಂಕಲ್ಪ ಬಿಡುವುದಿಲ್ಲ. ಆಗ ಗೌಂಡಿ ಬಾಯಿ ತಪ್ಪಿ ಅಂದ, "ಕೊರೋಚ್ಯಾಗಿನ ಗ್ವಾಡಿಗೆ ಏನೂ ಆಗಿಲ್ರಿ. ನಿನ್ನಿ ಮಳ್ಯಾಗ ತೊಯ್ದು ಮತ್ತಷ್ಟು ಘಟ್ಟಿ ಆಗೇತಿ."

ಮಾವನವರು ತಲೆ ಎತ್ತಿದರು. ಆ ಕ್ಷಣ ನನಗೆ ತಿಳಿದು ಹೋಯಿತು. ಥೂ, ಈಗ ನೆನೆಸಿದರೂ ಮೈಮೇಲೆ ಹುಳ ಹರಿದಂತೆ ಆಗುತ್ತದೆ.

ಮರುದಿನ ಮಾವನವರು, ನನ್ನ ಗಂಡ, ಗೌಂಡಿ, ಆಳುಗಳು, ಟ್ರ್ಯಾಕ್ಟರಿನ ಟ್ರಾಲಿ, ಎಲ್ಲ ಕೊರೋಚಿಗೆ ಹೊರಟಿತು. ಅತ್ತೆ ತಟ್ಟೆಯಲ್ಲಿ ಕುಬಸದ ಕಣ, ಅಕ್ಕಿ, ತೆಂಗಿನಕಾಯಿ ಇಟ್ಟು, "ನಡಿ, ಆಕಿ ಉಡಿ ತುಂಬೂನು" ಅಂದರು. ಮನೆ ಕೆಡವಿ ಒಯ್ಯುವ ಮುಂಚೆ ಮನೆಯೊಡತಿಯ ಉಡಿ ತುಂಬುವುದು! ಯಾರ ಮನೆಯ ಶಾಸ್ತ್ರವೋ ಇದು?

ಕುರಿಯಕ್ಕ ಖೋಲಿಯ ಒಳಗೆ ಒಲೆ ಹೂಡುತ್ತಿದ್ದಳು. ಸೂರಿಗೆ ತಗಡು ಬಂದು ಹೊರಗೆ ಬಿದ್ದಿತ್ತು. ಮಾವನವರು ಕೈ ಮುಗಿದೇ ಮಾತಾಡಿದರು, ಅವರದು ಯಾವಾಗಲೂ ಮೆತ್ತನೆಯ ಮಾತು.

"ತಂಗೀ, ಧರ್ಮದ ಕೆಲಸ. ಮುನಿಗಳ ವಸ್ತಿಗೆ ನಿನ್ನ ಇಟ್ಟಂಗಿ ಬೇಕಾಗ್ಯಾವ. ದೊಡ್ಡ ಪುಣ್ಯಾ ನಿಂದು. ದೀಪಾವಳಿ ಆದಮ್ಯಾಲ ನಿನಗ ಹೊಸಾವು ಮಾಡಿಸಿ ಕೊಡ್ತೇನಿ. ಸದ್ಯಕ್ಕ ಅಲ್ಲಿಂದ ತಗದಾವು ಅದಾವಲ್ಲ, ಅವನ್ನ ಇಲ್ಲಿ ಇಳಿಸ್ತೇವಿ."

ಸಿಡಿದು ಉದುರುತ್ತಿದ್ದ ಆ ಇಟ್ಟಂಗಿಗಳನ್ನು! ನಾನು ಗಂಡನ ಮುಖ ನೋಡಿದೆ. ಅವರು ಟ್ರಾಲಿಯ ಚಕ್ರ ನೋಡುತ್ತಿದ್ದರು.

ಕುರಿಯಕ್ಕ ಬೇಡ ಅನ್ನಲಿಲ್ಲ. ಅವಳ ಗಂಡನ ಮಗ್ಗ ಯಾರ ಕೈಯಲ್ಲಿತ್ತೋ ಗೊತ್ತಲ್ಲ, ಅವನು ಅಲ್ಲೇ ತಲೆ ಬಗ್ಗಿಸಿ ನಿಂತಿದ್ದ. ಅವಳು ಒಂದೇ ಮಾತು ಕೇಳಿದಳು.

"ಹಲ್ಲಿ ಸತ್ತ ಸುಣ್ಣದ ಇಟ್ಟಂಗಿ ರೀ ಅಣ್ಣಾರ ಇವು. ದೇವರಂಥಾವ್ರ ವಸ್ತಿಗೆ ನಡೀತೈತೇನ್ರಿ?"

ಮಾವನವರು ಮುಗಿದ ಕೈ ಇಳಿಸಿದರು. ಆಮೇಲೆ ಅಂದರು, "ಅದಕ್ಕ ನಾ ಪ್ರಾಯಶ್ಚಿತ್ತ ಮಾಡ್ಕೊಂಡೇನಲ್ಲ. ಎರಡ ದಿನ ಉಪಾಸ ಇದ್ದೆ. ಶುದ್ಧ ಆಗೈತಿ."

ಹಾಗಾದರೆ ಅವಳ ಖೋಲಿಗೆ ಮೈಲಿಗೆ, ವಸತಿಗೆ ಮಡಿ. ತಟ್ಟೆಯನ್ನು ನಾನು ಕೆಳಗಿಟ್ಟೆ. "ನಾ ತುಂಬಂಗಿಲ್ಲ" ಅಂದೆ. ಅತ್ತೆ ಕಣ್ಣು ಬಿಟ್ಟು ನೋಡಿ ತಾವೇ ಉಡಿ ತುಂಬಿದರು. ಕುರಿಯಕ್ಕ ಸೆರಗೊಡ್ಡಿ ತೆಂಗಿನಕಾಯಿ ಇಸಿದುಕೊಂಡಳು. ಆಳುಗಳು ಮೇಲಿನ ಸಾಲಿನಿಂದ ಶುರು ಮಾಡಿದರು. ಮಣ್ಣಿನ ಗಾರೆ, ಒಂದೊಂದೇ ಇಟ್ಟಂಗಿ ಇಡಿಯಾಗಿ ಬಿಟ್ಟು ಬರುತ್ತಿತ್ತು. ಅವಳು ಉಡಿಯಲ್ಲಿ ಕಾಯಿ ಹಿಡಿದುಕೊಂಡು, ತಗಡಿನ ಗುಡಿಸಲ ಮುಂದೆ ಕೂತು ನೋಡಿದಳು. ನಾನು ಅವಳ ಪಕ್ಕ ಕೂತೆ. ಅವಳು ಅಳಲಿಲ್ಲ, ಅತ್ತದ್ದು ನಾನೇ.

ವಸತಿಯ ಗೋಡೆ ಮತ್ತೆ ಎದ್ದಿತು. ಮುನಿಗಳು ಬರಲು ಇನ್ನೂ ಕೆಲವು ದಿನ ಇರುವಾಗಲೇ ಪಂಚರು ಬಂದು ನೋಡಿದರು. ಹೆಂಗಸರೆಲ್ಲ ನೆಲ ಸಾರಿಸಲು ಹೋಗಿದ್ದೆವು. ಪಂಚರಲ್ಲಿ ಹಿರಿಯರೊಬ್ಬರು ಗೋಡೆ ತಟ್ಟಿ ನೋಡಿ ಎಲ್ಲರಿಗೂ ಕೇಳುವಂತೆ ಅಂದರು, "ವಾಹವಾ! ಈ ಗೋಡಿ ಸಲುವಾಗಿ ಒಂದು ಜೀವಾ ನೊಂದಿಲ್ಲ. ಕಾಯ್ ಸಾಂಗಾಯ್ಚ, ಏನ ಹೇಳೂದು, ಇಂಥಾ ದಾನಾ ಯಾರು ಮಾಡ್ಯಾರ ಹೇಳ್ರಿ?"

ಮಾವನವರು ಕಣ್ಣು ಮುಚ್ಚಿ ಕೈ ಜೋಡಿಸಿದರು.  ಕೈಯಲ್ಲಿದ್ದ ಸಗಣಿನೀರಿನ ಬಕೆಟ್ಟು ಕೆಳಗಿಟ್ಟು ಎದ್ದು ನಿಂತೆ.

"ಸುಳ್ಳ್ರಿ ಅದು. ಈ ಇಟ್ಟಂಗಿ ಸುಣ್ಣದಾಗ ಹಲ್ಲಿ ಬಿದ್ದು ಸತ್ತೈತಿ. ಮತ್ತ ಇವು ಒಬ್ಬ ಬಡವಿ ಮನೀವು. ಆಕಿ ಮನಿ ಕೆಡವಿ ತಂದಾರ. ಆಕಿ ಮಳ್ಯಾಗ ಕುಂತಾಳ."

 ನಾನು ಕಾದೆ. ಹಿರಿಯರು ನಿಧಾನವಾಗಿ ತಿರುಗಿದರು.

"ಹಲ್ಲಿ?" ಅಂದರು.

ಅಷ್ಟೇ. ಗೋಡೆಗೆ ಕೈ ಆನಿಸಿ ನಿಂತಿದ್ದವರು ಕೈ ತೆಗೆದು ಧೋತರಕ್ಕೆ ಒರೆಸಿಕೊಂಡರು. ಹಲ್ಲಿ ಯಾವಾಗ ಬಿತ್ತು, ಎಷ್ಟು ಹೊತ್ತು ಇತ್ತು, ತೆಗೆದವರು ಯಾರು, ಅದೇ ಸುಣ್ಣವೋ ಬೇರೆಯದೋ? ಗದ್ದಲವೇ ಗದ್ದಲ. ಕುರಿಯಕ್ಕನ ಮನೆಯ ಮಾತನ್ನು ನಾನು ಮತ್ತೆ ಹೇಳಿದೆ, ಗಟ್ಟಿಯಾಗಿ ಹೇಳಿದೆ. "ಅದಿರ್ಲಿ ತಡಿಯವಾ, ಮೊದಲ ಹಲ್ಲೀದು ತಿಳೀಲಿ" ಅಂದರು ಒಬ್ಬರು.

ಅಂದೇ ಸಂಜೆಯ ಬಸ್ಸಿಗೆ ನನ್ನನ್ನು ತವರಿಗೆ ಕಳಿಸಿದರು. ತಲೆ ತಂಪಾಗಲಿ ಅಂತ. ಗಡಹಿಂಗ್ಲಜದಲ್ಲಿ ನಾಲ್ಕು ದಿನ ನನ್ನ ಪಾಡಿಗೆ ನಾನಿದ್ದೆ. ಐದನೆಯ ದಿನ ಸಂತೆಯಿಂದ ಬಂದ ಅಪ್ಪ ಚೀಲ ಇಳಿಸುತ್ತ ಕೇಳಿದರು, "ಖರೇನ? ನಿಮ್ಮ ಇಟ್ಟಂಗ್ಯಾಗ ಹಲ್ಲಿ ಬಿದ್ದಿತ್ತಂತ?" ಅವ್ವನೂ ಕೇಳಿದಳು. ಅಕ್ಕಪಕ್ಕದವರು ಬಂದು ಬಂದು ಕೇಳಿದರು. ನಾನು ಎಲ್ಲರಿಗೂ ಮೊದಲಿನಿಂದ ಹೇಳಿದೆ: ಕುರಿಯಕ್ಕ, ಅವಳ ಖೋಲಿ, ಟ್ರಾಲಿ, ಉಡಿ. ಎಲ್ಲರೂ ಹೂಂ ಹೂಂ ಅಂದು ಕೇಳಿ, ಕೊನೆಗೆ "ಹಲ್ಲಿ ದೊಡ್ಡದಿತ್ತೇನ?" ಅನ್ನುತ್ತಿದ್ದರು. ಮನುಷ್ಯರ ಮೇಲೆಯೇ ಹೇಸಿಗೆ ಬಂದು ನಾನು ಹೇಳುವುದನ್ನು ಬಿಟ್ಟುಬಿಟ್ಟೆ.

ಗಂಡ ಬಂದು ಕರೆದುಕೊಂಡು ಹೋಗುವಾಗ ಬಸ್ಸಿನಲ್ಲಿ ಸುದ್ದಿ ಹೇಳಿದರು. ಪಂಚರು ಆ ಗೋಡೆಯನ್ನೂ ತೆಗೆಸಿದ್ದರು. ಅವಸರಕ್ಕೆ ಭಟ್ಟಿಯಿಂದ ಸುಟ್ಟ ಇಟ್ಟಂಗಿ ತರಿಸಿ ಎಬ್ಬಿಸಿದ್ದರು. ಮುನಿಗಳು ಬಂದಿದ್ದರು, ಎಲ್ಲ ಸಾಂಗವಾಗಿತ್ತು. ನಾನು ಕೇಳಿದೆ, "ಭಟ್ಟಿ ಇಟ್ಟಂಗಿ? ಸಾವಿರ ಜೀವಾ ಸುಡ್ತಾವಲ್ಲ?"

"ಪಂಚರು ತಂದದ್ದು" ಅಂದರು. ಹಿರಿಯರು ಹಾಕಿದ್ದು, ಪಂಚರು ತಂದದ್ದು. ಮಾವನವರ ತಪ್ಪು ಎಲ್ಲೂ ಇಲ್ಲ.

"ಮತ್ತ ಆಕಿ ಇಟ್ಟಂಗಿ?"

"ರಸ್ತೆ ಬಾಜೂಕಿನ ತೆಗ್ಗಿನ್ಯಾಗ ಒಗಸ್ಯಾರ. ಮೈಲಿಗಿ ಅಂದಮ್ಯಾಲ ಮತ್ತೇನು ಮಾಡ್ತಾರ?"

ಮರುದಿನ ಯಾರಿಗೂ ಹೇಳದೆ ಆ ಹಳ್ಳಿಗೆ ಹೋದೆ. ಮಳೆ ಸ್ವಲ್ಪ ಹೊಳವಾಗಿತ್ತು. ರಸ್ತೆಯ ಪಕ್ಕ ತೆಗ್ಗಿನಲ್ಲಿ ಮೊಳಕಾಲುಮಟ್ಟ ನೀರು. ಅದರಲ್ಲಿ ಕುರಿಯಕ್ಕ ಸೀರೆ ಮೇಲೆ ಕಟ್ಟಿ ನಿಂತು, ಬಗ್ಗಿ ಬಗ್ಗಿ ಇಟ್ಟಂಗಿ ಎತ್ತುತ್ತಿದ್ದಳು. ದಂಡೆಯಲ್ಲಿ ಅವಳ ಗಂಡ ಒಂದು ಎತ್ತಿನ ಗಾಡಿಗೆ ತುಂಬುತ್ತಿದ್ದ. ಅರ್ಧಕ್ಕರ್ಧ ಒಡೆದಿದ್ದವು, ಉಳಿದವು ಗಟ್ಟಿಯಾಗಿಯೇ ಇದ್ದವು.

"ಯಾರೂ ಬ್ಯಾಡ ಅನ್ನಲಿಲ್ಲೇನ ಯಕ್ಕಾ?"

"ಯಾರಂತಾರ್ರಿ ವೈನ್ಯಾರ? ಮುಟ್ಟಾಕ ಬರಲಾರದ್ದನ್ನ ಕಾಯಾಕ ಯಾರು ಬರ್ತಾರ?" ಅವಳು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು, ನಕ್ಕಳು. "ಹಲ್ಲಿ ಪುಣ್ಯಾತ್ಮ ನೋಡ್ರಿ. ಅದೊಂದು ಬೀಳಲಿಲ್ಲಂದ್ರ ಇವು ನನಗ ತಿರಗಿ ಬರ್ತಿರಲಿಲ್ಲ."

ಖೋಲಿ ಮತ್ತೆ ಎದ್ದಿತು, ಮೊದಲಿಗಿಂತ ಚಿಕ್ಕದು. ಒಳಗೆ ಇಬ್ಬರು ಮಲಗಿದರೆ ಮೂರನೆಯವರಿಗೆ ಜಾಗವಿಲ್ಲ. ಮಳೆಯಲ್ಲೇ ಕಟ್ಟಿದ್ದು, ತಗಡು ಹೊದಿಸಿದ್ದು. ನಾನು ನೋಡಲು ಹೋದಾಗ ಅವಳೇನೂ ಹೇಳಲಿಲ್ಲ, ನಾನೇ ಹೋಗಿ ಆ ಗೋಡೆಗೆ ಬೆನ್ನು ಕೊಟ್ಟು ಕೂತೆ. ತಂಪಾಗಿತ್ತು. ಸೀರೆ ಹೊಲಸಾಯಿತು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು, ಮಾವನವರು ಊಟಕ್ಕೆ ಕೂತಿದ್ದರು. ಬಡಿಸುತ್ತ ನಾನೇ ಹೇಳಿದೆ: ತೆಗ್ಗಿನಿಂದ ಎತ್ತಿ ಒಯ್ದಾಳ, ಖೋಲಿ ಕಟ್ಯಾಳ, ಒಳಗ ಕುಂತಾಳ. ಇನ್ನಾದರೂ ಒಂದು ಮಾತು ಬರುತ್ತದೇನೋ ಅಂತ ಸೌಟು ಹಿಡಿದು ನಿಂತೆ.

ಮಾವನವರು ಎತ್ತಿದ ತುತ್ತನ್ನು ತಾಟಿನಲ್ಲಿ ಇಳಿಸಿದರು. ಮುಖ ಹಗುರಾಯಿತು. ಎಷ್ಟೋ ದಿನದ ಮೇಲೆ ನಕ್ಕರು.

"ನೋಡಿದೇನ" ಅಂದರು ಅತ್ತೆಯ ಕಡೆ ತಿರುಗಿ, "ಅಂತೂ ನಮ್ಮ ದಾನ ಆಕಿಗೆ ಮುಟ್ಟಿತು."

ನನ್ನ ಬಾಯಿ ತುಂಬ ಬೂದಿ ಬಂದಂತಾಯಿತು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಹಿತ್ತಲ ಬಾಗಿಲು ತೆಗೆದು, ಹೊರಗೆ ಹೋಗಿ ಉಗುಳಿದೆ.